ಮಲದಲ್ಲಿ ಯೀಸ್ಟ್ ಸಿಕ್ಕಿತು, ಮುಂದೇನು?

ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಒಂದು ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು ಅದರೊಳಗೆ ಉಗುಳಬೇಕು. ಕಾಲು ಗಂಟೆ ಬಿಟ್ಟು ನೋಡಬೇಕು. ಉಗುಳಿನಿಂದ ಎಳೆಗಳು ಕೆಳಕ್ಕೆ ಇಳಿಬಿದ್ದಿದ್ದರೆ, ಇಲ್ಲವೇ ಲೋಟದ ತಳ ಕದಡಿದಂತೆ ಕಂಡರೆ, ಕರುಳಿನಲ್ಲಿ ಯೀಸ್ಟ್ ವಿಪರೀತ ಬೆಳೆದಿದೆ ಎಂದು ತಿಳಿಯಬೇಕು. ಈ ಪರೀಕ್ಷೆ ವರ್ಷಗಳಿಂದ ಫೋನಿನಿಂದ ಫೋನಿಗೆ ದಾಟುತ್ತ ಬಂದಿದೆ. ಖರ್ಚಿಲ್ಲ, ನೋವಿಲ್ಲ, ಉತ್ತರವೂ ಬೇಗ ಸಿಗುತ್ತದೆ. ಆದರೆ ಆ ಲೋಟ ಯೀಸ್ಟಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಉಗುಳಿನಲ್ಲಿ ಮ್ಯೂಸಿನ್ ಎಂಬ ಅಂಟು ಪ್ರೋಟೀನ್ ಇರುತ್ತದೆ. ರಾತ್ರಿಯೆಲ್ಲ ನೀರು ಕುಡಿಯದೆ ಬಾಯಿ ಒಣಗಿದಾಗ ಉಗುಳು ಮಂದವಾಗಿ, ನೀರಿಗೆ ಬಿದ್ದರೆ ಎಳೆಎಳೆಯಾಗಿ ಇಳಿಯುತ್ತದೆ. ಗಾಳಿಯ ಗುಳ್ಳೆ ಹೆಚ್ಚಿದ್ದರೆ ತೇಲುತ್ತದೆ. ಆರೋಗ್ಯವಂತರ ಉಗುಳೂ ಹೀಗೆಯೇ ನಡೆದುಕೊಳ್ಳುತ್ತದೆ.

ಹಾಗೆಂದು ಲೋಟ ಹಿಡಿದು ಕೂತವರನ್ನು ಹಗುರವಾಗಿ ಕಾಣಬಾರದು. ಅವರ ತೊಂದರೆ ನಿಜವಾದದ್ದು. ಎರಡು ತುತ್ತು ಉಣ್ಣುವಷ್ಟರಲ್ಲಿ ಹೊಟ್ಟೆ ತಮಟೆಯ ಹಾಗೆ ಬಿಗಿಯುತ್ತದೆ, ಒಂದು ವಾರ ಭೇದಿ, ಇನ್ನೊಂದು ವಾರ ಮಲಬದ್ಧತೆ, ಮಧ್ಯಾಹ್ನದ ಹೊತ್ತಿಗೆ ಕೈಕಾಲು ಸೋಲುತ್ತವೆ, ಹೇಳಿಕೊಳ್ಳಲು ನಾಚಿಕೆಯಾಗುವ ಜಾಗದಲ್ಲಿ ತುರಿಕೆ. ವೈದ್ಯರ ಬಳಿ ಹೋದರೆ ಐದು ನಿಮಿಷದೊಳಗೆ ‘ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ’ ಎಂಬ ಮಾತು, ಒಂದು ಗ್ಯಾಸ್ ಮಾತ್ರೆ. ಇದು ವರ್ಷಾನುಗಟ್ಟಲೆ ನಡೆದ ಮೇಲೆ ಯಾರಾದರೂ ಬಂದು ‘ನಿನ್ನ ಕಾಯಿಲೆಗೆ ಹೆಸರಿದೆ, ಅದು ಯೀಸ್ಟ್’ ಎಂದರೆ ಮನಸ್ಸು ಅದನ್ನು ಹಿಡಿದುಕೊಳ್ಳುವುದು ಸಹಜ. ಆ ಹೆಸರು ಎಷ್ಟು ಮಟ್ಟಿಗೆ ಸರಿ, ಅದನ್ನು ಸಾಬೀತುಪಡಿಸುವುದಾಗಿ ಹೇಳುವ ಪರೀಕ್ಷೆಗಳು ನಿಜಕ್ಕೂ ಏನನ್ನು ಅಳೆಯುತ್ತವೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕಾಗಿದೆ.

ಯೀಸ್ಟ್ ಎಂದರೆ ಒಂದೇ ಜೀವಕೋಶದ ಶಿಲೀಂಧ್ರ. ಬೇಕರಿಯ ಬ್ರೆಡ್ ಉಬ್ಬಿಸುವ ಸ್ಯಾಕರೊಮೈಸಿಸ್, ನೆತ್ತಿಯ ಹೊಟ್ಟಿನಲ್ಲಿ ಪಾಲುಳ್ಳ ಮಲಸೀಜಿಯಾ, ದೂರುಗಳೆಲ್ಲ ಯಾರ ತಲೆಯ ಮೇಲೆ ಬೀಳುತ್ತವೋ ಆ ಕ್ಯಾಂಡಿಡಾ, ಎಲ್ಲವೂ ಈ ಕುಲದವು. ಕ್ಯಾಂಡಿಡಾ ಅಲ್ಬಿಕನ್ಸ್ ನಮ್ಮ ಬಾಯಿ, ಕರುಳು ಮತ್ತು ಹೆಂಗಸರ ಯೋನಿಯಲ್ಲಿ ಯಾವ ತಂಟೆಯನ್ನೂ ಮಾಡದೆ ಬದುಕಿಕೊಂಡಿರುತ್ತದೆ. ಅದಕ್ಕೆ ಎರಡು ರೂಪ. ದುಂಡಗಿನ ಮೊಗ್ಗಾಗಿದ್ದಾಗ ಬಹುಮಟ್ಟಿಗೆ ಸಾಧು. ಪರಿಸ್ಥಿತಿ ಒದಗಿದಾಗ ಅದೇ ಜೀವಿ ಉದ್ದನೆಯ ಎಳೆಗಳನ್ನು ಬಿಟ್ಟು ಒಳಪೊರೆಗೆ ಚುಚ್ಚಿಕೊಳ್ಳುತ್ತದೆ. ಹೀಗೆ ಎಳೆ ಬಿಟ್ಟಾಗ ಅದು ಕ್ಯಾಂಡಿಡಾಲೈಸಿನ್ ಎಂಬ ವಿಷವನ್ನು ಸ್ರವಿಸಿ ಜೀವಕೋಶಗಳನ್ನು ಒಡೆಯುತ್ತದೆಂದು 2016ರಲ್ಲಿ ಗೊತ್ತಾಯಿತು. ಸುತ್ತಲಿನ ಬ್ಯಾಕ್ಟೀರಿಯಾಗಳು ಆಹಾರಕ್ಕೂ ಜಾಗಕ್ಕೂ ಪೈಪೋಟಿ ನಡೆಸಿ, ಆಮ್ಲಗಳನ್ನು ಬಿಟ್ಟು, ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತವೆ. ಆಂಟಿಬಯಾಟಿಕ್ ಕೋರ್ಸ್ ಮುಗಿದ ಮೇಲೆ ಕೆಲವರಿಗೆ ತುರಿಕೆ, ಬಿಳಿ ಸೆರಗು ಕಾಣಿಸಿಕೊಳ್ಳುವುದು ಈ ಕಾವಲು ತಪ್ಪಿದ್ದರಿಂದ. ನೆಗಡಿಗೂ ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ತಂದು ನುಂಗುವ ನಮ್ಮ ರೂಢಿಗೆ ಇದೂ ಒಂದು ದಂಡ.

ಯೀಸ್ಟಿನಿಂದ ನಿಜವಾಗಿ ಕಾಯಿಲೆಯಾಗುವ ಜಾಗಗಳು ವೈದ್ಯರಿಗೆ ಚೆನ್ನಾಗಿ ಗೊತ್ತಿರುವಂಥವು. ಹಸುಗೂಸಿನ ನಾಲಗೆ, ಕೆನ್ನೆಯ ಒಳಬದಿಯಲ್ಲಿ ಬಿಳಿ ತೇಪೆ ಕಾಣುತ್ತದೆ. ಹಾಲಿನದಾದರೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ, ಯೀಸ್ಟಿನದಾದರೆ ಸುಲಭಕ್ಕೆ ಬರುವುದಿಲ್ಲ, ಕೆರೆದರೆ ಅಡಿಯಲ್ಲಿ ಕೆಂಪು. ಕಟ್ಟಿಸಿದ ಹಲ್ಲಿನ ಸೆಟ್ಟನ್ನು ರಾತ್ರಿಯೂ ತೆಗೆಯದ ವೃದ್ಧರಿಗೆ, ಸ್ಟೀರಾಯ್ಡ್ ಇರುವ ಇನ್‌ಹೇಲರ್ ಸೇದಿ ಬಾಯಿ ಮುಕ್ಕಳಿಸದ ಅಸ್ತಮಾ ರೋಗಿಗಳಿಗೆ ಇದೇ ತೊಂದರೆ. ಇಂಥ ಯಾವ ಕಾರಣವೂ ಇಲ್ಲದೆ ದೊಡ್ಡವರ ಬಾಯಲ್ಲಿ ಬಿಳಿ ತೇಪೆ ಕಂಡರೆ ಸಕ್ಕರೆ ಕಾಯಿಲೆಗೂ ಎಚ್‌ಐವಿಗೂ ರಕ್ತ ನೋಡಬೇಕು. ತೊಡೆಸಂದಿ, ಸ್ತನದ ಕೆಳಗಿನ ಮಡಿಕೆ, ಸದಾ ನೀರಿನಲ್ಲಿ ಪಾತ್ರೆ ಉಜ್ಜುವವರ ಬೆರಳ ಸಂದಿ, ವಾಸಿಯಾಗದೆ ಎಳೆಯುವ ಉಗುರುಸುತ್ತು, ಇವೂ ಯೀಸ್ಟಿನ ಮೆಚ್ಚಿನ ಜಾಗಗಳೇ. ಅಂಗಡಿಯವರು ‘ತುರಿಕೆಗೆ’ ಎಂದು ಕೊಡುವ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇದ್ದರೆ ತುರಿಕೆ ಅಡಗುತ್ತದೆ, ಶಿಲೀಂಧ್ರ ಮಾತ್ರ ಹರಡುತ್ತಲೇ ಇರುತ್ತದೆ.

ಎಲ್ಲಕ್ಕಿಂತ ಹೆಚ್ಚು ಮಂದಿಯನ್ನು ಕಾಡುವುದು ಯೋನಿಯ ಯೀಸ್ಟ್ ಸೋಂಕು. ಸುಮಾರು ಮುಕ್ಕಾಲು ಪಾಲು ಹೆಂಗಸರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಬಂದು ಹೋಗುತ್ತದೆ. ಮೊಸರಿನ ಗಡ್ಡೆಯಂಥ ಬಿಳಿ ಸೆರಗು, ತಡೆಯಲಾರದ ತುರಿಕೆ, ಉಚ್ಚೆ ಹೊಯ್ಯುವಾಗ ಉರಿ. ನಮ್ಮ ಮನೆಗಳಲ್ಲಿ ಇದಕ್ಕೆಲ್ಲ ‘ಉಷ್ಣ ಆಗಿದೆ’ ಎಂಬ ಒಂದೇ ವಿವರಣೆ, ಮಜ್ಜಿಗೆ, ಎಳನೀರು, ಮೆಂತ್ಯ. ವೈದ್ಯರ ಮುಂದೆ ಬಾಯಿ ಬಿಡಲು ಸಂಕೋಚ. ಇನ್ನೊಂದು ತುದಿಯಲ್ಲಿ, ತುರಿಕೆ ಎಂದರೆ ಯೀಸ್ಟೇ ಎಂದು ತಾವೇ ತೀರ್ಮಾನಿಸಿ ಔಷಧಿ ಕೊಳ್ಳುವವರು. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೀಗೆ ಅಂಗಡಿಯಲ್ಲಿ ಯೀಸ್ಟ್ ಔಷಧಿ ಕೊಂಡ 95 ಮಹಿಳೆಯರನ್ನು ಪರೀಕ್ಷಿಸಿದರು. ಯೀಸ್ಟ್ ಒಂದೇ ಕಾರಣವಾಗಿದ್ದುದು ಅವರಲ್ಲಿ ಮೂರನೇ ಒಂದು ಭಾಗದವರಿಗೆ. ಉಳಿದ ಹಲವರಿಗೆ ಇದ್ದದ್ದು ಬೇರೆ ಔಷಧಿ ಬೇಡುವ ಬ್ಯಾಕ್ಟೀರಿಯಾದ ತೊಂದರೆ, ಮತ್ತೆ ಕೆಲವರಿಗೆ ಟ್ರೈಕೊಮೊನಾಸ್ ಎಂಬ ಪರೋಪಜೀವಿಯ ಸೋಂಕು. ಸ್ರಾವದ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ಬಹುತೇಕ ಇದು ಇತ್ಯರ್ಥವಾಗುತ್ತದೆ. ತಾಲ್ಲೂಕು ಮಟ್ಟದ ಲ್ಯಾಬಿನಲ್ಲೂ ಆಗಬಹುದಾದ ಅಗ್ಗದ ಪರೀಕ್ಷೆ ಅದು. ಆ ಸ್ರಾವವನ್ನು ತೆಗೆದು ನೋಡುವ ತಾಳ್ಮೆಯೇ ಎಷ್ಟೋ ಕಡೆ ಇಲ್ಲವೆಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ಸೋಂಕು ಮತ್ತೆ ಮತ್ತೆ ಮರಳುತ್ತಿದ್ದರೆ ಮೊದಲು ನೋಡಬೇಕಾದ್ದು ಸಕ್ಕರೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಅವರಲ್ಲಿ ಎಷ್ಟೋ ಮಂದಿಗೆ ಗುಪ್ತಾಂಗದ ತುರಿಕೆಯೇ ಮೊದಲ ಸುಳಿವು. ಈಗ ಇನ್ನೊಂದು ಕಾರಣವೂ ಸೇರಿದೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆಗಳು ರಕ್ತದ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಅವುಗಳಿಂದ ದೊಡ್ಡ ಉಪಕಾರವಿದೆ. ಆದರೆ ಸಿಹಿ ಮೂತ್ರ ತಾಗುವ ಜಾಗದಲ್ಲಿ ಯೀಸ್ಟ್ ಹುಲುಸಾಗುತ್ತದೆ, ಹೆಂಗಸರಿಗೂ ಗಂಡಸರಿಗೂ. ಗಂಡಸರಿಗೆ ಶಿಶ್ನದ ತುದಿ ಕೆಂಪಾಗಿ ಕಡಿತ. ಮಾತ್ರೆ ಬರೆಯುವಾಗಲೇ ಈ ಮಾತು ಹೇಳಿದ್ದರೆ ರೋಗಿ ಹೆದರುವುದಿಲ್ಲ, ತಾನಾಗಿ ಮಾತ್ರೆ ಬಿಡುವುದೂ ಇಲ್ಲ.

ಇನ್ನು ಯೀಸ್ಟ್ ರಕ್ತಕ್ಕೆ ಇಳಿಯುವುದು ಬೇರೆಯೇ ಮಟ್ಟದ ಕಾಯಿಲೆ. ತೀವ್ರನಿಗಾ ಘಟಕದಲ್ಲಿ ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕಿಸಿಕೊಂಡವರು, ಕಿಮೋಥೆರಪಿಯಲ್ಲಿರುವವರು, ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆ ಆದವರು ಅದಕ್ಕೆ ತುತ್ತಾಗುತ್ತಾರೆ. 2009ರಲ್ಲಿ ಜಪಾನಿನಲ್ಲಿ ರೋಗಿಯೊಬ್ಬರ ಕಿವಿಯಿಂದ ಮೊದಲು ವರ್ಣಿತವಾದ ಕ್ಯಾಂಡಿಡಾ ಆರಿಸ್ ಇಂದು ಭಾರತದ ಆಸ್ಪತ್ರೆಗಳನ್ನೂ ಕಾಡುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯ ಮೇಲ್ಸಾಲಿನಲ್ಲಿ ಅದೂ ಇದೆ, ಕ್ಯಾಂಡಿಡಾ ಅಲ್ಬಿಕನ್ಸ್ ಕೂಡ ಇದೆ. ಪೂರಕ ಆಹಾರ ಮಾರುವವರು ಇದೇ ಪಟ್ಟಿಯನ್ನು ತೋರಿಸಿ ಹೊಟ್ಟೆ ಉಬ್ಬರದವರನ್ನು ಬೆದರಿಸುವುದುಂಟು. ಎರಡಕ್ಕೂ ಸಂಬಂಧವಿಲ್ಲ. ರಕ್ತದಲ್ಲಿ ಕ್ಯಾಂಡಿಡಾ ಇರುವವರು ಆಸ್ಪತ್ರೆಯ ಹಾಸಿಗೆಯಲ್ಲಿ ಜೀವನ್ಮರಣದ ನಡುವೆ ಇರುತ್ತಾರೆ, ಮನೆಯಲ್ಲಿ ಕೂತು ಮಲದ ಕಿಟ್ ತರಿಸುವ ಸ್ಥಿತಿಯಲ್ಲಿ ಇರುವುದಿಲ್ಲ.

ಹಾಗಾದರೆ ಸುಸ್ತು, ತಲೆ ಮಂಕು, ಗ್ಯಾಸ್, ಕೀಲುನೋವು, ಖಿನ್ನತೆ ಎಲ್ಲದಕ್ಕೂ ಕರುಳಿನ ಯೀಸ್ಟೇ ಕಾರಣವೆಂಬ ವಾದ ಎಲ್ಲಿಂದ ಬಂತು? ಅದರ ಊರು ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್. ಅಲ್ಲಿನ ವೈದ್ಯ ಓರಿಯನ್ ಟ್ರಸ್ 1978ರಿಂದ ಬರೆದ ಲೇಖನಗಳಲ್ಲಿ, ಕ್ಯಾಂಡಿಡಾ ಇಡೀ ದೇಹವನ್ನೂ ಮನಸ್ಸನ್ನೂ ಕೆಡಿಸಬಲ್ಲದು ಎಂದು ವಾದಿಸಿದರು. ಟೆನೆಸ್ಸಿಯ ಮಕ್ಕಳ ವೈದ್ಯ ವಿಲಿಯಂ ಕ್ರೂಕ್ ಅದನ್ನು ಎತ್ತಿಕೊಂಡು 1983ರಲ್ಲಿ ‘ದಿ ಯೀಸ್ಟ್ ಕನೆಕ್ಷನ್’ ಎಂಬ ಪುಸ್ತಕ ಬರೆದರು. ಅದು ಲಕ್ಷಾಂತರ ಪ್ರತಿ ಖರ್ಚಾಯಿತು. ಪುಸ್ತಕದ ಜೀವ ಒಂದು ಪ್ರಶ್ನಾವಳಿ. ಆಂಟಿಬಯಾಟಿಕ್ ತೆಗೆದುಕೊಂಡಿದ್ದೀರಾ, ಸಿಹಿ ತಿನ್ನಬೇಕೆನಿಸುತ್ತದೆಯೇ, ಸುಗಂಧದ ವಾಸನೆ ಆಗುವುದಿಲ್ಲವೇ, ತೇವದ ದಿನಗಳಲ್ಲಿ ತೊಂದರೆ ಹೆಚ್ಚುತ್ತದೆಯೇ ಎಂದೆಲ್ಲ ಕೇಳಿ ಅಂಕ ಕೂಡಿಸುವುದು. ಆಗುಂಬೆಯ ಆಷಾಢದಲ್ಲಿ ಕೂತು ತುಂಬಿದರೆ ಆ ಕೊನೆಯ ಪ್ರಶ್ನೆಗೆ ಇಲ್ಲವೆನ್ನುವವರು ಸಿಗುವುದು ಕಷ್ಟ. ಅಂಕ ಹೆಚ್ಚು ಬಂದವರಿಗೆ ಸಕ್ಕರೆ, ಬ್ರೆಡ್, ಹುದುಗಿದ ತಿನಿಸು ಎಲ್ಲ ಬಂದ್, ಜೊತೆಗೆ ನಿಸ್ಟಾಟಿನ್ ಎಂಬ ಶಿಲೀಂಧ್ರನಾಶಕ.

ಕ್ರೂಕ್ ಅವರ ಓದುಗರಲ್ಲಿ ಬಹಳಷ್ಟು ಮಂದಿ ಹೆಂಗಸರು. ‘ಎಲ್ಲ ನಿಮ್ಮ ಮನಸ್ಸಿನಲ್ಲಿದೆ’ ಎಂದು ಹೇಳಿಸಿಕೊಂಡು ಬೇಸತ್ತವರಿಗೆ ಆ ಪುಸ್ತಕ ‘ನಿಮ್ಮ ಮಾತು ನಿಜ’ ಎಂದಿತು. ಪುಸ್ತಕದ ಸಿದ್ಧಾಂತವನ್ನು ನಾನು ಒಪ್ಪುವುದಿಲ್ಲ. ಆದರೆ ಅದು ಮಾಡಿದ ಆ ಒಂದು ಕೆಲಸವನ್ನು ವೈದ್ಯಲೋಕ ಮಾಡದೆ ಬಿಟ್ಟಿದ್ದರಿಂದಲೇ ಸಿದ್ಧಾಂತಕ್ಕೆ ಅಷ್ಟು ಬಲ ಬಂತು ಎಂದು ನಂಬಿದ್ದೇನೆ.

ಪರೀಕ್ಷೆಯೂ ಅದೇ ಬರ್ಮಿಂಗ್‌ಹ್ಯಾಮ್ ಊರಿನಲ್ಲೇ ನಡೆಯಿತು. ಅಲ್ಲಿನ ವಿಶ್ವವಿದ್ಯಾಲಯದ ವಿಲಿಯಂ ಡಿಸ್ಮ್ಯೂಕ್ಸ್ ಮತ್ತು ಸಂಗಡಿಗರು ಈ ‘ಯೀಸ್ಟ್ ಕಾಯಿಲೆ’ ಇದೆ ಎನ್ನಲಾದ 42 ಮಹಿಳೆಯರನ್ನು ಆರಿಸಿಕೊಂಡು, 32 ವಾರಗಳಲ್ಲಿ ಸರದಿಯಂತೆ ನಿಸ್ಟಾಟಿನ್ ಮತ್ತು ಔಷಧಿಯಿಲ್ಲದ ಸಪ್ಪೆ ಮಾತ್ರೆಗಳನ್ನು ಕೊಟ್ಟರು. ಯಾವಾಗ ಯಾವುದು ಎಂಬುದು ಕೊಡುವವರಿಗೂ ಗೊತ್ತಿಲ್ಲ, ತೆಗೆದುಕೊಳ್ಳುವವರಿಗೂ ಗೊತ್ತಿಲ್ಲ. 1990ರ ಡಿಸೆಂಬರಿನಲ್ಲಿ ಫಲಿತಾಂಶ ಹೊರಬಿತ್ತು. ಯೋನಿಯ ತುರಿಕೆ, ಸ್ರಾವಕ್ಕೆ ನಿಸ್ಟಾಟಿನ್ ಸಪ್ಪೆ ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡಿತ್ತು. ಸುಸ್ತು, ಮಂಕು, ಖಿನ್ನತೆಯಂಥ ಇಡೀ ಮೈಯ ತೊಂದರೆಗಳು ಎರಡರಲ್ಲೂ ಕಡಿಮೆಯಾದವು, ಎರಡರ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2001ರಲ್ಲಿ ನಾರ್ವೆಯಲ್ಲಿ 116 ಜನರ ಮೇಲೆ ನಾಲ್ಕು ವಾರ ನಡೆದ ಇನ್ನೊಂದು ಪ್ರಯೋಗದಲ್ಲಿ ನಿಸ್ಟಾಟಿನ್ ತುಸು ಮೇಲುಗೈ ಸಾಧಿಸಿತೆಂಬುದನ್ನೂ ಹೇಳಬೇಕು. ಆದರೆ ಪ್ರಶ್ನಾವಳಿಯಿಂದ ಆರಿಸಿದ ಜನ, ಒಂದು ತಿಂಗಳ ಅವಧಿ, ಇಷ್ಟರ ಮೇಲೆ ಒಂದು ಹೊಸ ರೋಗವನ್ನೇ ನಿಲ್ಲಿಸಲಾಗದು.

ಇಲ್ಲಿ ಹೆಲಿಕೊಬ್ಯಾಕ್ಟರ್ ಪೈಲೋರಿಯ ಕಥೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಜಠರದಲ್ಲಿ ಬದುಕುವ ಈ ಬ್ಯಾಕ್ಟೀರಿಯಾವೂ ಕೋಟ್ಯಂತರ ಆರೋಗ್ಯವಂತರಲ್ಲಿ ಇದೆ. ಹೊಟ್ಟೆ ಹುಣ್ಣಿಗೆ ಅದೇ ಕಾರಣವೆಂದು ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಹೇಳಿದಾಗ ಮೊದಮೊದಲು ಹೆಚ್ಚು ಜನ ನಂಬಲಿಲ್ಲ. ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. ಆದರೆ ವಾದ ಗೆದ್ದದ್ದು ಆ ಸಾಹಸದಿಂದಷ್ಟೇ ಅಲ್ಲ. ಬ್ಯಾಕ್ಟೀರಿಯಾವನ್ನು ನಾಶಮಾಡಿದ ರೋಗಿಗಳಲ್ಲಿ ಹುಣ್ಣು ಮರಳುವುದು ನಿಂತಿತು, ನಾಶಮಾಡದವರಲ್ಲಿ ಮತ್ತೆ ಮತ್ತೆ ಬಂತು. ಇದು ಪ್ರಯೋಗದ ಮೇಲೆ ಪ್ರಯೋಗದಲ್ಲಿ ಕಂಡಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಒಂದು ಜೀವಿ ಇದೆ ಎಂಬುದಕ್ಕೂ ಕಾಯಿಲೆಗೆ ಅದೇ ಕಾರಣ ಎಂಬುದಕ್ಕೂ ನಡುವೆ ದಾಟಬೇಕಾದ ಸೇತುವೆ ಇಂಥದು. ಕಾಗೆ ಕೂತದ್ದಕ್ಕೇ ಕೊಂಬೆ ಮುರಿಯಿತೋ ಎಂದು ತಿಳಿಯಲು ಕಾಗೆಯನ್ನು ಓಡಿಸಿ ನೋಡಬೇಕು. ಬರ್ಮಿಂಗ್‌ಹ್ಯಾಮ್‌ನಲ್ಲಿ ಯೀಸ್ಟನ್ನು ಓಡಿಸಿ ನೋಡಿದಾಗ ಸುಸ್ತು ತಗ್ಗಿದ್ದು ಸಪ್ಪೆ ಮಾತ್ರೆಯಿಂದ ತಗ್ಗಿದಷ್ಟೇ.

ಇಷ್ಟಾದರೂ ವಾದ ಅಳಿಯಲಿಲ್ಲ, ಈಗ ಅದು ಡಿಎನ್‌ಎ ಪರೀಕ್ಷೆಯ ಉಡುಪಿನಲ್ಲಿ ಬಂದಿದೆ. ಹಲವು ಸಾವಿರ ರೂಪಾಯಿ ಕಟ್ಟಿದರೆ ಮನೆಗೇ ಕಿಟ್ ಬರುತ್ತದೆ. ಚಿಟಿಕೆಯಷ್ಟು ಮಲವನ್ನು ಟ್ಯೂಬಿಗೆ ಹಾಕಿ ಕಳಿಸಿದರೆ ಕೆಲವು ವಾರಗಳಲ್ಲಿ ಬಣ್ಣಬಣ್ಣದ ವರದಿ. ಹಸಿರು, ಹಳದಿ, ಕೆಂಪು. ಕ್ಯಾಂಡಿಡಾದ ಮುಂದೆ ಕೆಂಪು ಚುಕ್ಕೆ ಕಂಡವರ ಎದೆ ಧಸಕ್ಕೆನ್ನುತ್ತದೆ. ಆ ಹೊತ್ತಿನಲ್ಲಿ ಒಂದು ಅಂಕಿ ನೆನಪಿರಲಿ. ಅಮೆರಿಕದ ಹ್ಯೂಮನ್ ಮೈಕ್ರೋಬಯೋಮ್ ಯೋಜನೆಯಲ್ಲಿ ಆರೋಗ್ಯವಂತರೆಂದು ಖಚಿತಪಡಿಸಿಕೊಂಡೇ ಆರಿಸಿದ್ದ ಜನರ ಮಲವನ್ನು ಶಿಲೀಂಧ್ರಗಳಿಗಾಗಿ ಜಾಲಾಡಿ, ಫಲಿತಾಂಶವನ್ನು 2017ರಲ್ಲಿ ಪ್ರಕಟಿಸಿದರು. ಬ್ರೆಡ್ಡಿನ ಯೀಸ್ಟ್ ಶೇ 96.8 ಮಾದರಿಗಳಲ್ಲಿ, ಕ್ಯಾಂಡಿಡಾ ಅಲ್ಬಿಕನ್ಸ್ ಶೇ 80.8 ಮಾದರಿಗಳಲ್ಲಿ ಸಿಕ್ಕಿತು. ಐದರಲ್ಲಿ ನಾಲ್ಕು! ಯಾವ ಕಾಯಿಲೆಯೂ ಇಲ್ಲದವರಲ್ಲಿ ಇಷ್ಟು ಸಾಮಾನ್ಯವಾಗಿ ಸಿಗುವ ಒಂದು ವಸ್ತು ನಿಮ್ಮಲ್ಲೂ ಸಿಕ್ಕಿತೆಂದರೆ ಅದರಿಂದ ನಿಮ್ಮ ಕಾಯಿಲೆಯ ಬಗ್ಗೆ ತಿಳಿದದ್ದು ಏನೂ ಇಲ್ಲ.

ಇನ್ನೊಂದು ಸಣ್ಣ ಅಧ್ಯಯನ 2018ರದು, ಅದೂ ಅಮೆರಿಕದ್ದೇ. ಅದರಲ್ಲಿ ಭಾಗವಹಿಸಿದ ಆರೋಗ್ಯವಂತರು ಬ್ರೆಡ್ಡಿನ ಯೀಸ್ಟ್ ಇಲ್ಲದ ಆಹಾರ ತಿಂದಾಗ ಮಲದಲ್ಲಿ ಆ ಯೀಸ್ಟ್ ಕಾಣೆಯಾಯಿತು. ಹಲ್ಲನ್ನು ಹೆಚ್ಚು ಸಲ ಉಜ್ಜಿದಾಗ ಮಲದಲ್ಲಿನ ಕ್ಯಾಂಡಿಡಾವೂ ತಗ್ಗಿತು. ಅಂದರೆ ಮಲದಲ್ಲಿ ಕಾಣುವ ಯೀಸ್ಟಿನ ಒಂದು ಪಾಲು ಕರುಳಿನಲ್ಲಿ ನೆಲೆಸಿದ್ದಲ್ಲ, ತಟ್ಟೆಯಿಂದಲೂ ಬಾಯಿಯಿಂದಲೂ ಇಳಿದು ಹಾದು ಹೋಗುತ್ತಿರುವುದು. ಡಿಎನ್‌ಎ ಯಂತ್ರ ಬದುಕಿದ್ದನ್ನೂ ಸತ್ತದ್ದನ್ನೂ ಒಂದೇ ಸಮ ಎಣಿಸುತ್ತದೆ. ಇವತ್ತಿನ ಮಾದರಿಗೂ ಮುಂದಿನ ವಾರದ ಮಾದರಿಗೂ ವ್ಯತ್ಯಾಸ ಬರುತ್ತದೆ. ಕೆಂಪು, ಹಸಿರಿನ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದಕ್ಕೆ ಎಲ್ಲ ಲ್ಯಾಬುಗಳೂ ಒಪ್ಪಿದ ಅಳತೆಗೋಲು ಇಲ್ಲ. ಕರುಳಿನ ಸೂಕ್ಷ್ಮಜೀವಿಗಳ ಸಂಶೋಧನೆಯಲ್ಲೇ ತೊಡಗಿರುವ ಅಂತರರಾಷ್ಟ್ರೀಯ ತಜ್ಞರು 2024ರ ಕೊನೆಯಲ್ಲಿ ಪ್ರಕಟಿಸಿದ ಒಮ್ಮತದ ಹೇಳಿಕೆಯಲ್ಲಿ, ರೋಗಿಗಳು ವೈದ್ಯರ ಸಲಹೆಯಿಲ್ಲದೆ ತಾವೇ ಇಂಥ ಪರೀಕ್ಷೆ ಮಾಡಿಸಿಕೊಳ್ಳುವುದನ್ನು ಪ್ರೋತ್ಸಾಹಿಸಬಾರದೆಂದಿದ್ದಾರೆ. ಈ ವಿಜ್ಞಾನ ಸುಳ್ಳೆಂದು ಅವರು ಹೇಳುತ್ತಿಲ್ಲ. ಕರುಳಿನ ಉರಿಯೂತವಾದ ಕ್ರೋನ್ಸ್ ಕಾಯಿಲೆಯಲ್ಲಿ ಶಿಲೀಂಧ್ರಗಳ ಪಾತ್ರವೇನೆಂಬ ಗಂಭೀರ ಕೆಲಸ ನಡೆಯುತ್ತಿದೆ. ಪ್ರಯೋಗಾಲಯದ ಕುತೂಹಲ ಮತ್ತು ರೋಗಿಯ ಚಿಕಿತ್ಸೆ, ಇವೆರಡರ ನಡುವೆ ಇನ್ನೂ ದೂರವಿದೆ, ಅಷ್ಟೆ.

ರಕ್ತದಲ್ಲಿ ಕ್ಯಾಂಡಿಡಾ ವಿರುದ್ಧದ ಐಜಿಜಿ ಪ್ರತಿಕಾಯ ನೋಡುವ ಪರೀಕ್ಷೆಯದೂ ಇದೇ ಪಾಡು. ದಿನವೂ ಎದುರಾಗುವ ಜೀವಿಗೆ ದೇಹ ಪ್ರತಿಕಾಯ ತಯಾರಿಸಿರುವುದು ಸಹಜ. ‘ನಿಮಗೆ ಆಗದ ಆಹಾರ’ಗಳ ಪಟ್ಟಿ ಕೊಡುವ ಐಜಿಜಿ ಪ್ಯಾನೆಲ್‌ಗಳೂ ಹಾಗೆಯೇ, ಅವು ತೋರಿಸುವುದು ನೀವು ಏನೇನು ತಿಂದಿದ್ದೀರಿ ಎಂಬುದನ್ನು. ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಲ್ಲೇ ಇವನ್ನು ಬಳಸಬೇಡಿ ಎಂದಿತ್ತು. ಪಟ್ಟಿ ಹಿಡಿದು ಹಾಲು, ಗೋಧಿ, ಕಡಲೆ, ಮೊಟ್ಟೆ ಎಲ್ಲ ಬಿಟ್ಟು ಸೊರಗಿದ ಮಕ್ಕಳನ್ನು ನೆನೆದರೆ ಸಿಟ್ಟು ಬರುತ್ತದೆ.

‘ಆದರೆ ನನಗೆ ಕ್ಯಾಂಡಿಡಾ ಪಥ್ಯದಿಂದ ಗುಣವಾಯಿತಲ್ಲ’ ಎಂದು ಕೇಳುವವರಿದ್ದಾರೆ. ಅವರ ಅನುಭವವನ್ನು ತಳ್ಳಿಹಾಕಬೇಕಾಗಿಲ್ಲ, ಅದಕ್ಕೆ ಬೇರೆ ಕಾರಣವಿರಬಹುದು. ಆ ಪಥ್ಯದಲ್ಲಿ ಬೇಕರಿ ತಿನಿಸು, ಮೈದಾ, ಮದ್ಯ, ಸಿಹಿ ಪಾನೀಯ ಎಲ್ಲ ಒಮ್ಮೆಗೇ ನಿಲ್ಲುತ್ತವೆ. ಗೋಧಿಯಲ್ಲಿ, ಈರುಳ್ಳಿ ಬೆಳ್ಳುಳ್ಳಿಯಲ್ಲಿ ಫ್ರಕ್ಟಾನ್ ಎಂಬ ಸಕ್ಕರೆ ಸರಪಣಿಯಿದೆ. ನಮ್ಮ ಸಣ್ಣಕರುಳು ಅದನ್ನು ಜೀರ್ಣಿಸಲಾರದು. ದೊಡ್ಡ ಕರುಳಿಗೆ ಇಳಿದಾಗ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಗಾಳಿ ಮಾಡುತ್ತವೆ. ಬೇಳೆಕಾಳಿನ ಸಕ್ಕರೆಗಳದೂ ಇದೇ ಕಥೆ, ಹಾಲು ಜೀರ್ಣವಾಗದವರಲ್ಲಿ ಹಾಲಿನ ಸಕ್ಕರೆಯದೂ ಅದೇ. ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದವರು ಇವಕ್ಕೆಲ್ಲ ಫಾಡ್‌ಮ್ಯಾಪ್ ಎಂದು ಹೆಸರಿಟ್ಟು, ಕರುಳಿನ ಕಿರಿಕಿರಿ ರೋಗದಲ್ಲಿ ಅವನ್ನು ಕೆಲವು ವಾರ ತಗ್ಗಿಸಿ ಮತ್ತೆ ಒಂದೊಂದಾಗಿ ಸೇರಿಸುವ ಕ್ರಮ ರೂಪಿಸಿದ್ದಾರೆ. ಕ್ಯಾಂಡಿಡಾ ಪಥ್ಯದಲ್ಲಿ ಆ ‘ಮತ್ತೆ ಸೇರಿಸುವ’ ಹಂತ ಹೆಚ್ಚಾಗಿ ಇರುವುದಿಲ್ಲ. ಜನ ತಿಂಗಳುಗಟ್ಟಲೆ ಹೆದರಿಕೊಂಡೇ ಉಣ್ಣುತ್ತಾರೆ. ಮನೆಯ ಇಡ್ಲಿ, ದೋಸೆ ಹುದುಗಿಸಿದ್ದೆಂದು ಅವನ್ನೂ ಬಿಟ್ಟವರುಂಟು. ಇಡ್ಲಿ ಹಿಟ್ಟನ್ನು ಹುಳಿ ಬರಿಸುವುದು ಮುಖ್ಯವಾಗಿ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ, ಹಬೆಯಲ್ಲಿ ಬೆಂದ ಮೇಲೆ ಅದರಲ್ಲಿ ಕ್ಯಾಂಡಿಡಾಕ್ಕೆ ಮೇವಾಗುವ ವಿಶೇಷವೇನೂ ಇಲ್ಲ. ಭೇದಿಗೆ ವೈದ್ಯರು ಬರೆಯುವ ಸ್ಯಾಕರೊಮೈಸಿಸ್ ಬುಲಾರ್ಡಿ ಪುಡಿಯಂತೂ ಸ್ವತಃ ಜೀವಂತ ಯೀಸ್ಟ್.

ಪಥ್ಯ ಶುರುವಾದ ಮೇಲೆ ತಲೆನೋವು, ಸುಸ್ತು ಹೆಚ್ಚಿದರೆ ‘ಯೀಸ್ಟ್ ಸಾಯುತ್ತಿದೆ, ಅದರ ವಿಷ ಹೊರಬರುತ್ತಿದೆ’ ಎಂದು ಸಮಾಧಾನ ಹೇಳುತ್ತಾರೆ. ಗುಣವಾದರೂ ಸಿದ್ಧಾಂತ ಸರಿ, ಉಲ್ಬಣಿಸಿದರೂ ಸರಿ. ಇಂಥ ವಿವರಣೆಯಿಂದ ಆಗುವ ಕೇಡೆಂದರೆ ರೋಗಿ ಕಾಯುತ್ತಲೇ ಇರುತ್ತಾನೆ. ನಡುವೆ ಫ್ಲುಕೊನಜೋಲ್ ಮಾತ್ರೆಯನ್ನು ಸ್ವಂತಕ್ಕೆ ವಾರಗಟ್ಟಲೆ ನುಂಗುವವರು ಗಮನಿಸಬೇಕು. ಅದು ಸಕ್ಕರೆಗೆ ಕೊಡುವ ಗ್ಲಿಮೆಪಿರೈಡ್ ಜೊತೆ ಸೇರಿ ರಕ್ತದ ಸಕ್ಕರೆಯನ್ನು ಅಪಾಯಕ್ಕೆ ಇಳಿಸಬಲ್ಲದು, ರಕ್ತ ತಿಳಿ ಮಾಡುವ ವಾರ್ಫರಿನ್ ಜೊತೆ ಸೇರಿ ರಕ್ತಸ್ರಾವ ತರಬಲ್ಲದು, ಯಕೃತ್ತಿಗೂ ಹೊರೆ. ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ಕರುಳಿನಲ್ಲಿ ಯೀಸ್ಟ್ ನಿಜವಾಗಿಯೂ ಮಿತಿಮೀರುವ ಅಪರೂಪದ ಸಂದರ್ಭಗಳೂ ಇವೆ. ಸಣ್ಣಕರುಳಿನಲ್ಲಿ ಶಿಲೀಂಧ್ರ ಬೆಳೆಯುವ ಸ್ಥಿತಿಯನ್ನು ಕೆಲವು ತಜ್ಞರು ಗುರುತಿಸುತ್ತಾರೆ. ಕರುಳಿನ ಚಲನೆ ಮಂದವಾದವರಲ್ಲಿ, ಆಮ್ಲ ತಗ್ಗಿಸುವ ಮಾತ್ರೆಗಳನ್ನು ಸತತ ತೆಗೆದುಕೊಳ್ಳುವವರಲ್ಲಿ ಅದು ಹೆಚ್ಚೆಂದು ಕಂಡಿದೆ. ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್ ನುಂಗಿಯೇ ಕಾಫಿ ಕುಡಿಯುವವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ, ಯಾಕೆ ಶುರು ಮಾಡಿದರೆಂಬುದು ಎಷ್ಟೋ ಮಂದಿಗೆ ಮರೆತೇ ಹೋಗಿದೆ. ಈ ಸ್ಥಿತಿಯನ್ನು ಪತ್ತೆಮಾಡಲು ಎಂಡೋಸ್ಕೋಪಿಯಲ್ಲಿ ಸಣ್ಣಕರುಳಿನ ದ್ರವವನ್ನೇ ಹೀರಿ ತೆಗೆದು ಬೆಳೆಸಿ ನೋಡಬೇಕು. ಮಲದ ಕಿಟ್ಟಿಗೆ ಅದು ಎಟುಕದು. ತಿಂದ ಪಿಷ್ಟವನ್ನು ಕರುಳಿನ ಯೀಸ್ಟ್ ಮದ್ಯವಾಗಿಸಿ, ಕುಡಿಯದವರಿಗೂ ಅಮಲು ತರಿಸುವ ಇನ್ನೂ ವಿರಳವಾದ ಕಾಯಿಲೆಯೊಂದಿದೆ. ಅದನ್ನು ಸಾಬೀತುಪಡಿಸಲು ನಿಗಾದಲ್ಲಿ ಗ್ಲೂಕೋಸ್ ಕುಡಿಸಿ ರಕ್ತದ ಮದ್ಯಾಂಶ ಅಳೆಯುತ್ತಾರೆ.

ಹಾಗಾದರೆ ಹೊಟ್ಟೆ ಕೆಟ್ಟವರು ಮಲದ ಕಿಟ್ಟಿಗೆ ಸುರಿಯುವ ಹಣವನ್ನು ಯಾವ ಪರೀಕ್ಷೆಗೆ ಹಾಕಬೇಕು? ಮೊದಲು ಮೈಯ ಲೆಕ್ಕ: ಹಿಮೋಗ್ಲೋಬಿನ್, ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ, ಥೈರಾಯ್ಡ್, ಬಿ12. ‘ಯೀಸ್ಟಿನ ಸುಸ್ತು’ ಎನ್ನಿಸಿಕೊಂಡದ್ದರಲ್ಲಿ ದೊಡ್ಡ ಪಾಲು ಇಲ್ಲೇ ಸಿಗಬಹುದು, ನಮ್ಮ ಹೆಂಗಸರಲ್ಲಂತೂ ರಕ್ತಹೀನತೆ ತೀರಾ ಸಾಮಾನ್ಯ. ಸಾಮಾನ್ಯ ಮಲಪರೀಕ್ಷೆ ಹುಳು, ಜಿಯಾರ್ಡಿಯಾ, ಅಮೀಬಾ ತೋರಿಸುತ್ತದೆ. ಮಲದ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪರೀಕ್ಷೆ ಕರುಳಿನ ಉರಿಯೂತವನ್ನು ಹೇಳುತ್ತದೆ, ಬರೀ ಕಿರಿಕಿರಿ ರೋಗದಲ್ಲಿ ಅದು ಸಾಮಾನ್ಯವಾಗಿ ಏರುವುದಿಲ್ಲ. ನೋವಿನ ಮಾತ್ರೆ ತೆಗೆದುಕೊಂಡಿದ್ದರೆ ಏರಬಹುದು, ಅದನ್ನು ಮೊದಲೇ ತಿಳಿಸಬೇಕು. ಪೈಲೋರಿಗೆ ಉಸಿರಿನ ಇಲ್ಲವೇ ಮಲದ ಪರೀಕ್ಷೆಯಿದೆ. ಎರಡು ವಾರ ಮೊದಲು ಆಮ್ಲದ ಮಾತ್ರೆಯನ್ನು ವೈದ್ಯರನ್ನು ಕೇಳಿ ನಿಲ್ಲಿಸದಿದ್ದರೆ ಅದು ಸುಳ್ಳು ಉತ್ತರ ಕೊಟ್ಟೀತು. ಗೋಧಿಯ ಸೀಲಿಯಾಕ್ ಕಾಯಿಲೆ ದಕ್ಷಿಣದಲ್ಲಿ ಉತ್ತರ ಭಾರತಕ್ಕಿಂತ ಬಹಳ ಕಡಿಮೆ. ಆದರೂ ಅನುಮಾನವಿದ್ದರೆ ಟಿಟಿಜಿ ರಕ್ತಪರೀಕ್ಷೆಗೆ ಮೊದಲು ಚಪಾತಿ ಬಿಡಬಾರದು, ಬಿಟ್ಟರೆ ಕಾಯಿಲೆ ಇದ್ದರೂ ಕಾಣುವುದಿಲ್ಲ.

ಮಲದಲ್ಲಿ ರಕ್ತ, ಪ್ರಯತ್ನವಿಲ್ಲದೆ ಇಳಿಯುವ ತೂಕ, ರಾತ್ರಿ ನಿದ್ದೆಯಿಂದೆಬ್ಬಿಸುವ ಭೇದಿ, ಸಂಜೆಯ ಜ್ವರ, 50 ದಾಟಿದ ಮೇಲೆ ಹೊಸದಾಗಿ ಬದಲಾದ ಮಲದ ರೂಢಿ, ಇವುಗಳಲ್ಲಿ ಒಂದಿದ್ದರೂ ಯೀಸ್ಟಿನ ಮಾತು ಬಿಟ್ಟು ನೇರ ಜಠರ, ಕರುಳಿನ ತಜ್ಞರ ಬಳಿ ಹೋಗಬೇಕು. ಕರುಳಿನ ಕ್ಷಯ ನಮ್ಮ ದೇಶದಲ್ಲಿ ಇಂದಿಗೂ ಇದೆ. ಮುಟ್ಟು ನಿಂತ ಮೇಲೆ ಹೊಸದಾಗಿ ಶುರುವಾಗಿ ವಾರಗಟ್ಟಲೆ ಇಳಿಯದ ಹೊಟ್ಟೆ ಉಬ್ಬರ ಅಂಡಾಶಯದ ಗೆಡ್ಡೆಯ ಸುಳಿವಾಗಿರಬಹುದು. ಅದಕ್ಕೆ ಮೊದಲು ಬೇಕಾದ್ದು ಸ್ಕ್ಯಾನಿಂಗ್.

ವೈದ್ಯರ ಬಳಿ ಹೋಗುವಾಗ ಮನೆಯಲ್ಲಿ ನುಂಗುವ ಎಲ್ಲ ಮಾತ್ರೆಗಳನ್ನು, ಅಂಗಡಿಯಿಂದ ತಂದ ಪುಡಿ, ಕಷಾಯವನ್ನೂ ಸೇರಿಸಿ, ಒಂದು ಚೀಲದಲ್ಲಿ ಒಯ್ಯಿರಿ. ಎರಡು ವಾರ ಏನು ಉಂಡಿರಿ, ಹೊಟ್ಟೆ ಯಾವಾಗ ಉಬ್ಬಿತು, ಮಲ ಹೇಗಿತ್ತು ಎಂದು ಬರೆದಿಟ್ಟರೆ ಐದು ನಿಮಿಷದ ಭೇಟಿಯೂ ಕೆಲಸಕ್ಕೆ ಬರುತ್ತದೆ. ಕೆಳಗಿನ ತುರಿಕೆ, ಸ್ರಾವ ಇದ್ದರೆ ಅದನ್ನೂ ಆ ಚೀಟಿಯಲ್ಲಿ ಬರೆಯಿರಿ, ಬಾಯಲ್ಲಿ ಹೇಳಲಾಗದ್ದನ್ನು ವೈದ್ಯರು ಓದಿಕೊಳ್ಳಲಿ. ಸಕ್ಕರೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಗ್ಯಾಸು, ಭೇದಿ, ಬಾಯಿರುಚಿ ಕೆಡುವುದು ಆ ಮಾತ್ರೆಯಿಂದಲೇ ಆಗಿರುವುದು ಬಹಳ. ಊಟದ ಜೊತೆಗೆ ತೆಗೆದುಕೊಂಡರೆ, ಇಲ್ಲವೇ ನಿಧಾನವಾಗಿ ಕರಗುವ ಮಾದರಿಗೆ ವೈದ್ಯರು ಬದಲಾಯಿಸಿಕೊಟ್ಟರೆ, ಎಷ್ಟೋ ಮಂದಿಗೆ ಹೊಟ್ಟೆ ಹಗುರಾಗುತ್ತದೆ.